ರಸ್ತೆಯ ಜಲ್ಲಿ ಪದರಗಳ ವಿರೂಪ

ಡಾಂಬರಿನ ಕಪ್ಪು ಹಾಸಿಗೂ ಅದರಡಿಯ ಮಣ್ಣಿಗೂ ನಡುವೆ, ಸಿಮೆಂಟನ್ನಾಗಲಿ ಡಾಂಬರನ್ನಾಗಲಿ ಬೆರೆಸದೆ ಹಾಸಿ ಅಡಕಿದ ಜಲ್ಲಿಯ ಪದರಗಳಿರುತ್ತವೆ. ಚಕ್ರ ಮೇಲೆ ಹಾದಾಗ ಇವು ತುಸು ಕುಗ್ಗುತ್ತವೆ. ಚಕ್ರ ಮುಂದೆ ಹೋದೊಡನೆ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ಮರಳುತ್ತವೆ. ಈ ‘ಹೆಚ್ಚುಕಡಿಮೆ’ ಎಂಬ ಮಾತಿನಲ್ಲೇ ವಿಷಯವೆಲ್ಲ ಅಡಗಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ, ಅಂದರೆ ಐಆರ್‌ಸಿಯ ವಿನ್ಯಾಸ ಕೈಪಿಡಿ 20 ಮಿ.ಮೀ. ಆಳದ ಚಕ್ರದ ಜಾಡನ್ನು ರಸ್ತೆಯ ಸೋಲೆಂದು ಎಣಿಸುತ್ತದೆ. ಒಂದು ಕೋಟಿ ಆ್ಯಕ್ಸಲ್‌ಗಳು ಹಾದ ಮೇಲೆ ಒಂದು ರಸ್ತೆಗೆ ಈ ಗತಿ ಬಂತೆಂದುಕೊಳ್ಳೋಣ. ಪ್ರತಿ ಆ್ಯಕ್ಸಲ್ ಹಾದಾಗಲೂ ರಸ್ತೆ ಸುಮಾರು ಅರ್ಧ ಮಿಲಿಮೀಟರ್ ಬಾಗಿ ಎದ್ದಿರುತ್ತದೆ. ಏಳದೆ ಉಳಿದದ್ದು ಸರಾಸರಿಯಲ್ಲಿ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು ಮಾತ್ರ. ಬಾಗಿ ಏಳುವುದನ್ನು ಮರಳುವ ವಿರೂಪ ಎಂದೂ ಏಳದೆ ಉಳಿಯುವುದನ್ನು ಶಾಶ್ವತ ವಿರೂಪ ಎಂದೂ ಕರೆಯುತ್ತಾರೆ. ಮೊದಲನೆಯದು ಮೇಲಿನ ಡಾಂಬರನ್ನು ಬಿರುಕು ಬಿಡಿಸುತ್ತದೆ, ಎರಡನೆಯದು ಜಾಡು ಬೀಳಿಸುತ್ತದೆ.

ಪದರಗಳು

ರಸ್ತೆಯನ್ನು ಅಡ್ಡಲಾಗಿ ಕಡಿದು ನೋಡಿದರೆ ಎಲ್ಲಕ್ಕಿಂತ ಕೆಳಗೆ ತಳಮಣ್ಣು. ಅದರ ಮೇಲೆ ಎಂಜಿನಿಯರರೂ ಗುತ್ತಿಗೆದಾರರೂ ಜಿಎಸ್‌ಬಿ ಎಂದು ಕರೆಯುವ ಒರಟು ಜಲ್ಲಿ ಅಥವಾ ಗರಸಿನ ಪದರ. ಅದಕ್ಕೂ ಮೇಲೆ ವೆಟ್‌ಮಿಕ್ಸ್. ಇದು ಸುಮಾರು 53 ಮಿ.ಮೀ. ಗಾತ್ರದಿಂದ ಹಿಡಿದು ಕ್ರಷರ್ ಪುಡಿಯವರೆಗಿನ ಎಲ್ಲ ಅಳತೆಯ ಕಲ್ಲನ್ನೂ ಪಗ್‌ಮಿಲ್‌ನಲ್ಲಿ ಹದವಾದ ನೀರಿನೊಂದಿಗೆ ಕಲಸಿ, ಪೇವರ್‌ನಿಂದ ಹಾಸಿ, ಕಂಪಿಸುವ ರೋಲರ್ ಹಾಯಿಸಿ ಅಡಕಿದ ಪದರ. ಇದಕ್ಕೆ ಮುಂಚೆ ಬಳಕೆಯಲ್ಲಿದ್ದ, ಹಳ್ಳಿ ರಸ್ತೆಗಳಲ್ಲಿ ಈಗಲೂ ಇರುವ ಪದ್ಧತಿ ಡಬ್ಲ್ಯುಬಿಎಂ. ದಪ್ಪ ಜಲ್ಲಿ ಹರಡಿ, ರೋಲರ್ ಓಡಿಸಿ, ಸಂದುಗಳಿಗೆ ಸಣ್ಣ ಜಲ್ಲಿ ತುಂಬಿ, ಟ್ಯಾಂಕರ್‌ನಿಂದ ನೀರು ಬಿಟ್ಟು, ಕಸಬರಿಗೆಯಿಂದ ಗುಡಿಸಿ, ಮೇಲೆ ಗರಸು ಚೆಲ್ಲಿ ಮತ್ತೆ ರೋಲರ್ ಓಡಿಸುವುದು ಅದರ ಕ್ರಮ. ಎರಡರಲ್ಲೂ ಕಲ್ಲಿಗೆ ಕಲ್ಲು ಅಂಟಿಕೊಂಡಿರುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು, ತಿಕ್ಕಾಟದ ಬಲದಿಂದ ನಿಂತಿರುತ್ತವೆ, ಅಷ್ಟೆ.

ಹೆದ್ದಾರಿಯಲ್ಲಿ ಈ ಪದರಗಳ ಮೇಲೆ 100 ಮಿ.ಮೀ.ಗೂ ಮಿಕ್ಕಿದ ಡಾಂಬರು ಕಾಂಕ್ರೀಟ್ ಇರುತ್ತದೆ. ಚಕ್ರದ ಒತ್ತಡ ಅಲ್ಲೇ ಹರಡಿ ತೆಳುವಾಗಿ ಜಲ್ಲಿಯನ್ನು ಮುಟ್ಟುತ್ತದೆ. ಹಳ್ಳಿ ರಸ್ತೆಯಲ್ಲಾದರೆ ಮೇಲಿರುವುದು 20 ಮಿ.ಮೀ. ಡಾಂಬರು ಹಾಸು. ಲಾರಿಯ ಟೈರು ನೆಲಕ್ಕೊತ್ತುವ 0.56 ಮೆಗಾಪಾಸ್ಕಲ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡ ಅಲ್ಲಿ ಬಹುಪಾಲು ನೇರವಾಗಿ ಜಲ್ಲಿಗೇ ತಗಲುತ್ತದೆ. ಬಡ ರಸ್ತೆಯಲ್ಲೇ ಜಲ್ಲಿಯ ಪಾಡು ಹೆಚ್ಚು ಕಷ್ಟದ್ದು. ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಲ್ಲಿ ದೊಡ್ಡ ರಸ್ತೆಗಳನ್ನೂ ತೆಳು ಹಾಸಿನಡಿ ದಪ್ಪ ಜಲ್ಲಿ ಇಟ್ಟು ಕಟ್ಟುವ ರೂಢಿಯಿದೆ. ಈ ವಿಷಯದ ಒಳ್ಳೆಯ ಅಧ್ಯಯನಗಳು ಹಲವು ಅಲ್ಲಿಂದಲೇ ಬಂದದ್ದು ಆಕಸ್ಮಿಕವಲ್ಲ.

ಮೆಕ್ಯಾಡಮ್‌ನ ಊಹೆ

ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಯಾಡಮ್ (1756–1836) ಬ್ರಿಸ್ಟಲ್ ಸುತ್ತಿನ ಸುಂಕದ ರಸ್ತೆಗಳ ಉಸ್ತುವಾರಿ ವಹಿಸಿಕೊಂಡಾಗ ಎರಡು ಮಾತು ಹೇಳಿದ. ಭಾರ ಹೊರುವುದು ಕೊನೆಗೂ ತಳದ ಮಣ್ಣೇ, ಆದ್ದರಿಂದ ಅದನ್ನು ಒಣಗಿಸಿ ಇಡಿ ಎಂಬುದು ಒಂದು. ಜಲ್ಲಿಗೆ ಮಣ್ಣು ಬೆರೆಸಬೇಡಿ, ಚೂಪು ಮೂಲೆಗಳ ಕಲ್ಲುಗಳು ತಾವಾಗಿಯೇ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದು ಇನ್ನೊಂದು. ಯಾವ ಕಲ್ಲೂ ಆರು ಔನ್ಸ್‌ಗಿಂತ, ಅಂದರೆ ಸುಮಾರು 170 ಗ್ರಾಂಗಿಂತ ಭಾರವಿರಕೂಡದು ಎಂಬುದು ಅವನ ಕಟ್ಟಳೆ. ಆಗ ರೋಲರ್ ಇರಲಿಲ್ಲ. ಕಲ್ಲುಗಳನ್ನು ಹೆಣೆಯುವ ಕೆಲಸವನ್ನು ಗಾಡಿಗಳ ಚಕ್ರಕ್ಕೇ ಬಿಟ್ಟಿದ್ದ. ಓಡಾಟವೇ ರಸ್ತೆಯನ್ನು ಹಾಳುಮಾಡುತ್ತದೆ ಎಂದು ಎಲ್ಲರೂ ನಂಬಿದ್ದಾಗ, ಒಂದು ಮಿತಿಯವರೆಗೆ ಅದೇ ಓಡಾಟ ರಸ್ತೆಯನ್ನು ಗಟ್ಟಿಮಾಡುತ್ತದೆ ಎಂದು ಕಂಡುಕೊಂಡವನು ಅವನು. ಆ ಮಿತಿ ಎಲ್ಲಿದೆ ಎಂದು ಗಣಿತದ ಭಾಷೆಯಲ್ಲಿ ಹೇಳಲು ಇನ್ನೂ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಕಲ್ಲುಗಳ ನಡುವೆ ನಡೆಯುವುದು

ಗ್ರಾನೈಟ್ ಜಲ್ಲಿಯ ಒಂದು ತುಂಡನ್ನು ಚಕ್ರದ ಒತ್ತಡ ಅಳತೆಗೆ ಸಿಗುವಷ್ಟು ಕುಗ್ಗಿಸಲಾರದು. ಕುಗ್ಗುವುದು ಪದರ. ಯಾಕೆಂದರೆ ಭಾರ ಕಲ್ಲಿನಿಂದ ಕಲ್ಲಿಗೆ ಸಾಗುವುದು ಸಾಸಿವೆ ಕಾಳಿಗಿಂತ ಸಣ್ಣ ತಾಗುಬಿಂದುಗಳ ಮೂಲಕ. ಆ ಬಿಂದುಗಳಲ್ಲಿ ಒತ್ತಡ ವಿಪರೀತ. ಅಲ್ಲಿ ಕಲ್ಲಿನ ಮೈ ತುಸು ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಇದು ಮರಳುವ ವಿರೂಪದ ಮೂಲ. ಎರಡು ದುಂಡು ಮೈಗಳು ಒತ್ತಿಕೊಂಡಾಗ ತಾಗುವ ಜಾಗ ಹೇಗೆ ಹಿಗ್ಗುತ್ತದೆ ಎಂಬ ಸೂತ್ರವನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸ್ 1882ರಲ್ಲೇ ಕೊಟ್ಟಿದ್ದ. ಅದರ ಪ್ರಕಾರ ಒತ್ತಿದಷ್ಟೂ ಸಂಪರ್ಕ ಬಿಗಿಯಾಗುತ್ತ ಹೋಗುತ್ತದೆ. ಜಲ್ಲಿ ಪದರದ ಅತಿ ವಿಚಿತ್ರ ಗುಣಕ್ಕೆ ಕಾರಣ ಇದೇ: ಹೆಚ್ಚು ಒತ್ತಿದರೆ ಅದು ಹೆಚ್ಚು ಬಿಗಿ.

ಉಳಿಯುವ ವಿರೂಪದ ಕಥೆ ಬೇರೆ. ಒತ್ತಡದ ಜೊತೆಗೆ ಪಕ್ಕಕ್ಕೆ ಜಾರಿಸುವ ಬಲವೂ ಇರುತ್ತದೆ. ಎಂಜಿನಿಯರರ ಮಾತಿನಲ್ಲಿ ಅದು ಷಿಯರ್. ತಾಗುಬಿಂದುವಿನಲ್ಲಿ ತಿಕ್ಕಾಟ ಅದನ್ನು ತಡೆಯಲಾರದಾದಾಗ ಕಲ್ಲು ಕೂದಲೆಳೆಯಷ್ಟು ಜಾರುತ್ತದೆ, ಇಲ್ಲವೇ ಹೊರಳುತ್ತದೆ. ಹಾಗೆ ಜಾರಿದ ಕಲ್ಲಿಗೆ ಹಿಂದಿನ ಜಾಗಕ್ಕೆ ಹೋಗಲು ಕಾರಣವೇ ಇಲ್ಲ. ಜೊತೆಗೆ ಮೂಲೆಗಳು ಮುರಿಯುತ್ತವೆ, ಮೈ ಸವೆದು ಪುಡಿಯಾಗುತ್ತದೆ. ಅಡಕವಾಗುವುದು, ಜಾರುವುದು, ಸವೆಯುವುದು ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಚೆನ್ನಾಗಿ ಅಡಕಿದ ಕಣಗಳ ಗುಂಪು ಜಾರಬೇಕಾದರೆ ಮೊದಲು ಉಬ್ಬಬೇಕು. ಒಂದು ಕಣ ಪಕ್ಕದ್ದನ್ನು ಹತ್ತಿ ದಾಟಬೇಕಲ್ಲ. ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದ ಈ ಸಂಗತಿಯನ್ನು ನೋಡಲು ಮಲ್ಪೆಯ ಕಡಲತೀರ ಸಾಕು. ಅಲೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಹೆಜ್ಜೆಯೂರಿದರೆ ಪಾದದ ಸುತ್ತ ಮರಳು ಥಟ್ಟನೆ ಒಣಗಿದಂತೆ ಕಾಣುತ್ತದೆ. ಕಾಲು ನೀರನ್ನು ಹಿಂಡಿ ತೆಗೆದದ್ದಲ್ಲ. ಮರಳು ಉಬ್ಬಿ, ಸಂದುಗಳು ದೊಡ್ಡದಾಗಿ, ಮೇಲಿನ ನೀರು ಒಳಗೆ ಇಳಿದದ್ದು. ರಸ್ತೆಯ ಜಲ್ಲಿಯೂ ಹೀಗೇ ಉಬ್ಬಲು ನೋಡುತ್ತದೆ. ಆದರೆ ಸುತ್ತಲಿನ ಜಲ್ಲಿ ಬಿಡುವುದಿಲ್ಲ. ಹಾಗೆ ಹಿಡಿದಿಟ್ಟಾಗ ಪಕ್ಕದ ಒತ್ತಡ ಹೆಚ್ಚಿ ಪದರ ಮತ್ತಷ್ಟು ಬಿಗಿಯಾಗುತ್ತದೆ. ರಸ್ತೆಯ ಅಂಚಿನಲ್ಲಿ, ಮಣ್ಣಿನ ಭುಜ ಸಡಿಲವಾಗಿದ್ದರೆ, ಹಿಡಿದಿಡುವವರಿಲ್ಲ. ಹಳ್ಳಿ ರಸ್ತೆಗಳು ಅಂಚಿನಿಂದಲೇ ಕಿತ್ತುಬರುವುದಕ್ಕೆ ಇದು ಒಂದು ಕಾರಣ.

ಮರಳುವ ವಿರೂಪ ಮತ್ತು ರೆಸಿಲಿಯಂಟ್ ಮಾಡ್ಯುಲಸ್

ಕ್ಯಾಲಿಫೋರ್ನಿಯ ಹೆದ್ದಾರಿ ಇಲಾಖೆಯ ಫ್ರಾನ್ಸಿಸ್ ಹ್ವೀಮ್ 1950ರ ದಶಕದಲ್ಲಿ ಒಂದು ಒಗಟನ್ನು ಎದುರಿಸಿದ. ಜಾಡು ಬೀಳದ, ಚಪ್ಪಟೆಯಾಗಿಯೇ ಇದ್ದ ರಸ್ತೆಗಳ ಡಾಂಬರು ಮೊಸಳೆ ಚರ್ಮದಂತೆ ಬಿರಿಯುತ್ತಿತ್ತು. ತಳದ ಪದರಗಳು ಕುಸಿದಿರಲಿಲ್ಲ. ಚಕ್ರ ಹಾದಾಗಲೆಲ್ಲ ವಿಪರೀತ ಬಾಗಿ ಏಳುತ್ತಿದ್ದವು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುರಿದ ಹಾಗೆ, ಮೇಲಿನ ಡಾಂಬರು ದಣಿದು ಬಿರಿಯುತ್ತಿತ್ತು. ಆಮೇಲೆ ಬರ್ಕ್ಲಿಯ ಹ್ಯಾರಿ ಸೀಡ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಭಾರ ಹೇರಿ ಅಳೆದು, ಹೇರಿದ ಒತ್ತಡವನ್ನು ಮರಳಿದ ವಿಕೃತಿಯಿಂದ ಭಾಗಿಸಿ ಬಂದ ಸಂಖ್ಯೆಯನ್ನು ರೆಸಿಲಿಯಂಟ್ ಮಾಡ್ಯುಲಸ್ ಎಂದರು. ವಿಕೃತಿ ಎಂದರೆ ಮೂಲ ಎತ್ತರದಲ್ಲಿ ಎಷ್ಟು ಪಾಲು ಕುಗ್ಗಿತು ಎಂಬ ಅನುಪಾತ.

ಉಕ್ಕಿನ ಮಾಡ್ಯುಲಸ್ ಎಷ್ಟೆಂದು ಕೇಳಿದರೆ ಒಂದೇ ಸಂಖ್ಯೆಯ ಉತ್ತರ ಸಿಗುತ್ತದೆ. ಜಲ್ಲಿಯ ಬಗ್ಗೆ ಅದೇ ಪ್ರಶ್ನೆ ಕೇಳಿದರೆ ‘ಎಷ್ಟು ಒತ್ತಿದಾಗ?’ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. 1971ರಲ್ಲಿ ಹಿಕ್ಸ್ ಮತ್ತು ಕಾರ್ಲ್ ಮೋನಿಸ್ಮಿತ್ ಪ್ರಚುರಪಡಿಸಿದ ಸರಳ ಸೂತ್ರದಲ್ಲಿ ಮಾಡ್ಯುಲಸ್ಸು ಮೂರು ದಿಕ್ಕಿನ ಒತ್ತಡಗಳ ಮೊತ್ತದ ಯಾವುದೋ ಘಾತಕ್ಕೆ ಅನುಪಾತದಲ್ಲಿರುತ್ತದೆ. ಆ ಘಾತ ಸಾಮಾನ್ಯವಾಗಿ ಅರ್ಧದ ಆಸುಪಾಸು. ಅಂದರೆ ಒತ್ತಡಗಳ ಮೊತ್ತ ಇಮ್ಮಡಿಯಾದರೆ ಮಾಡ್ಯುಲಸ್ ಸುಮಾರು 1.4 ಪಟ್ಟಾಗುತ್ತದೆ. ಹರ್ಟ್ಸ್‌ನ ಲೆಕ್ಕದಿಂದ ಬರುವುದು ಮೂರನೆಯ ಒಂದರಷ್ಟು ಘಾತ. ನಿಜದ ಜಲ್ಲಿಯಲ್ಲಿ ಅದಕ್ಕಿಂತ ಹೆಚ್ಚು ಬರುವುದೇಕೆಂದರೆ, ಒತ್ತಿದಾಗ ಇದ್ದ ತಾಗುಬಿಂದುಗಳು ಬಿಗಿಯಾಗುವುದಷ್ಟೇ ಅಲ್ಲ, ಅದುವರೆಗೆ ತಾಗದೆ ಇದ್ದ ಕಲ್ಲುಗಳೂ ತಾಗತೊಡಗುತ್ತವೆ.

ಈ ಸೂತ್ರದ ದೋಷ ಬೇಗ ಕಣ್ಣಿಗೆ ಬಿತ್ತು. ಅದು ಎಲ್ಲ ಕಡೆಯಿಂದ ಹಿಡಿದೊತ್ತುವ ಒತ್ತಡವನ್ನೂ ಪಕ್ಕಕ್ಕೆ ಜಾರಿಸುವ ಒತ್ತಡವನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಮೊದಲನೆಯದು ಬಿಗಿಗೊಳಿಸಿದರೆ ಎರಡನೆಯದು ಸಡಿಲಿಸುತ್ತದೆ. ಇಸ್ರೇಲಿನ ಯಾಕೊಬ್ ಉಝಾನ್ 1985ರಲ್ಲಿ ಎರಡನ್ನೂ ಬೇರೆ ಬೇರೆ ಪದಗಳಾಗಿ ಇಟ್ಟ. ಅಮೆರಿಕದ ಈಗಿನ ವಿನ್ಯಾಸ ಪದ್ಧತಿ ಬಳಸುವುದು ಅದೇ ಜಾಡಿನ ಸೂತ್ರವನ್ನು.

ಜಲ್ಲಿಗೆ ಇನ್ನೊಂದು ಮಿತಿಯಿದೆ: ಒತ್ತಿದರೆ ತಡೆಯುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಪದರ ಪದರವಾಗಿ ಲೆಕ್ಕಹಾಕುವ ಸರಳ ಕಂಪ್ಯೂಟರ್ ಪ್ರೋಗ್ರಾಂಗಳು ಜಲ್ಲಿಯ ತಳದಲ್ಲಿ ಎಳೆತ ತೋರಿಸುತ್ತವೆ. ಹಾಗೆ ಎಳೆಸಿಕೊಳ್ಳುವ ಶಕ್ತಿ ಬಿಡಿ ಕಲ್ಲುಗಳ ರಾಶಿಗೆ ಎಲ್ಲಿಂದ ಬರಬೇಕು? ವಾಸ್ತವದಲ್ಲಿ ಕೆಳಗಿನ ಮಣ್ಣು ಮೆತ್ತಗಿದ್ದರೆ ಜಲ್ಲಿಯ ತಳದ ಭಾಗ ಸಡಿಲಗೊಂಡು, ಪದರದ ಒಟ್ಟು ಬಿಗಿತವೇ ಇಳಿಯುತ್ತದೆ. ರೋಲರ್ ಹಾಯಿಸುವಾಗಲೂ ಅಷ್ಟೇ, ಮೆತ್ತನೆಯ ಹಾಸಿಗೆಯ ಮೇಲೆ ಮೊಳೆ ಹೊಡೆದಂತೆ ಏಟು ಕೂರುವುದಿಲ್ಲ. ಐಆರ್‌ಸಿ 37 ಎಂಬ ಕೈಪಿಡಿ ಇದನ್ನು ಚಿಕ್ಕ ಸೂತ್ರವೊಂದರಲ್ಲಿ ಹಿಡಿದಿಟ್ಟಿದೆ. ಜಲ್ಲಿಯ ಮಾಡ್ಯುಲಸ್ ತಳಮಣ್ಣಿನ ಮಾಡ್ಯುಲಸ್ಸಿನ ಇಷ್ಟು ಪಟ್ಟು ಎಂದು ಅದು ಹೇಳುತ್ತದೆ. ಎಷ್ಟು ಪಟ್ಟೆಂಬುದು ಜಲ್ಲಿಯ ದಪ್ಪವನ್ನು ಅವಲಂಬಿಸಿದೆ. 450 ಮಿ.ಮೀ. ಜಲ್ಲಿಗೆ ಅದು ಸುಮಾರು 3.1. ತಳಮಣ್ಣಿನ ಬಲವನ್ನು ಸೂಚಿಸುವ ಸಿಬಿಆರ್ ಎಂಬ ಅಂಕಿ 8 ಇದ್ದರೆ ಜಲ್ಲಿಗೆ ಸುಮಾರು 208 ಮೆಗಾಪಾಸ್ಕಲ್ ಬರುತ್ತದೆ. ಅದೇ ಕ್ರಷರಿನ ಅದೇ ಜಲ್ಲಿಯನ್ನು ಅದೇ ದಪ್ಪಕ್ಕೆ ಸಿಬಿಆರ್ 5ರ ಮಣ್ಣಿನ ಮೇಲೆ ಹಾಸಿದರೆ ಸಿಗುವುದು ಸುಮಾರು 156. ಕಲ್ಲು ಬದಲಾಗಿಲ್ಲ, ಕೆಳಗಿನ ಆಸರೆ ಬದಲಾಗಿದೆ.

ಬೆಂಕೆಲ್‌ಮನ್ ತೊಲೆ

ಮರಳುವ ವಿರೂಪವನ್ನು ರಸ್ತೆಯ ಮೇಲೇ ಅಳೆಯುವ ಹಳೆಯ ಸಾಧನ ಬೆಂಕೆಲ್‌ಮನ್ ತೊಲೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಷೋ ರಸ್ತೆ ಪರೀಕ್ಷೆಯ ಸಂದರ್ಭದಲ್ಲಿ ರೂಪುಗೊಂಡ ಇದು ಭಾರತದಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು. ಹಿಂದಿನ ಆ್ಯಕ್ಸಲ್ ಮೇಲೆ ಸರಿಯಾಗಿ 8,170 ಕೆ.ಜಿ. ಬೀಳುವಂತೆ ಕಲ್ಲು ತುಂಬಿದ ಲಾರಿಯನ್ನು ನಿಲ್ಲಿಸುತ್ತಾರೆ. ಜೋಡಿ ಟೈರುಗಳ ನಡುವಿನ ಸಂದಿಯಲ್ಲಿ ಉದ್ದನೆಯ ತೊಲೆಯ ಮೂತಿಯನ್ನು ತೂರಿಸಿ ಡಾಂಬರಿಗೆ ಊರುತ್ತಾರೆ. ತೊಲೆಯ ಹಿಂದಿನ ತುದಿಯಲ್ಲಿ ಡಯಲ್ ಗೇಜ್ ಇರುತ್ತದೆ. ಅದರ ಮುಂದೆ ಒಬ್ಬ ಮಂಡಿಯೂರಿ ಕೂರುತ್ತಾನೆ. ಇನ್ನೊಬ್ಬ ಕೈ ಬೀಸಿದಾಗ ಲಾರಿ ಆಮೆಯ ವೇಗದಲ್ಲಿ 2.7 ಮೀಟರ್ ಮುಂದೆ ಸರಿದು ನಿಲ್ಲುತ್ತದೆ. ಗೇಜಿನ ಮುಳ್ಳು ತಿರುಗತೊಡಗುತ್ತದೆ, ರಸ್ತೆ ಏಳುತ್ತಿದೆ. ಮುಳ್ಳಿನ ಚಲನೆ ನಿಮಿಷಕ್ಕೆ 0.025 ಮಿ.ಮೀ.ಗಿಂತ ಕಡಿಮೆಯಾದಾಗ ಅಂಕಿ ಬರೆದುಕೊಂಡು, ಲಾರಿಯನ್ನು ಇನ್ನೂ 9 ಮೀಟರ್ ಮುಂದಕ್ಕೆ ಕಳಿಸಿ ಮತ್ತೊಮ್ಮೆ ಓದುತ್ತಾರೆ. ಬರಿಗಣ್ಣಿಗೆ ಏನೂ ಕಾಣದು. ಲಾರಿ ನಿಂತಿದ್ದ ಜಾಗ ಹೊರಟ ಮೇಲೆ ಏರಿತೆಂದು ಹೇಳುವುದು ಆ ಮುಳ್ಳೊಂದೇ. ಈಗ ಇದರ ಬದಲು ತೂಕ ಬೀಳಿಸಿ ಹಲವು ದೂರಗಳಲ್ಲಿ ಬಾಗನ್ನು ಅಳೆಯುವ ಎಫ್‌ಡಬ್ಲ್ಯುಡಿ ಯಂತ್ರ ಬಂದಿದೆ. ಅದು ಯಾವ ಪದರ ಎಷ್ಟು ಬಿಗಿ ಎಂದೂ ಲೆಕ್ಕಹಾಕಿ ಕೊಡುತ್ತದೆ. ಎರಡೂ ಅಳೆಯುವುದು ಮರಳುವ ವಿರೂಪವನ್ನು ಮಾತ್ರ. ಬಾಗು ಕಡಿಮೆಯಿದ್ದ ರಸ್ತೆಯಲ್ಲಿ ಜಾಡು ಬೀಳುವುದಿಲ್ಲ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು.

ಉಳಿಯುವ ವಿರೂಪ: ಮೂರು ದಾರಿಗಳು

ಸೇರಿಗೆ ರಾಗಿ ತುಂಬಿ ಕುಲುಕಿದರೆ ಒಂದಿಷ್ಟು ಇಳಿಯುತ್ತದೆ. ಮತ್ತೆ ಕುಲುಕಿದರೆ ಅದಕ್ಕಿಂತ ಕಡಿಮೆ ಇಳಿಯುತ್ತದೆ, ಹತ್ತನೆಯ ಸಲಕ್ಕೆ ಇಳಿದದ್ದೇ ಗೊತ್ತಾಗುವುದಿಲ್ಲ. ಜಲ್ಲಿಯ ಮಾದರಿಗಳ ಮೇಲೆ ಭಾರ ಹೇರಿ ತೆಗೆದಾಗ ಅಮೆರಿಕದ ಬಾರ್ಕ್ಸ್‌ಡೇಲ್ ಕಂಡದ್ದೂ ಇಂಥದ್ದೇ. 1972ರಲ್ಲಿ ಅವನು ಮಂಡಿಸಿದಂತೆ ಶಾಶ್ವತ ವಿಕೃತಿ ಭಾರದ ಆವರ್ತನೆಗಳ ಲಾಗರಿದಂಗೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ಭಾರ ಹೇರಿದ ಸಲಗಳು ನೂರರಿಂದ ಸಾವಿರಕ್ಕೆ ಹೋಗುವಾಗ ಎಷ್ಟು ಸೇರುತ್ತದೋ, ಆಮೇಲೆ ಸಾವಿರದಿಂದ ಹತ್ತು ಸಾವಿರಕ್ಕೆ, ಹತ್ತು ಸಾವಿರದಿಂದ ಲಕ್ಷಕ್ಕೆ ಹೋಗುವಾಗಲೂ ಅಷ್ಟಷ್ಟೇ ಸೇರುತ್ತದೆ. ನೆದರ್ಲೆಂಡ್ಸಿನ ಸ್ವೀರೆ 1990ರಲ್ಲಿ ಇದನ್ನು ಒಪ್ಪಲಿಲ್ಲ. ಬಹಳ ಸಲ ಭಾರ ಹೇರಿದರೆ ಎರಡೂ ಅಕ್ಷಗಳನ್ನು ಲಾಗರಿದಂನಲ್ಲಿ ಇಟ್ಟರಷ್ಟೇ ರೇಖೆ ನೇರವಾಗುತ್ತದೆ ಎಂದ. ದಕ್ಷಿಣ ಆಫ್ರಿಕದ ವೊಲ್ಫ್ ಮತ್ತು ವಿಸರ್ ನಿಜವಾದ ರಸ್ತೆಯ ಮೇಲೆ ಭಾರೀ ಚಕ್ರವನ್ನು ಹಗಲಿರುಳು ಓಡಿಸಿದ ಅಂಕಿಗಳನ್ನಿಟ್ಟುಕೊಂಡು, ಮೊದಲು ಬೇಗ ಏರಿ ಆಮೇಲೆ ಒಂದೇ ದರದಲ್ಲಿ ಸಾಗುವ ರೇಖೆ ಕೊಟ್ಟರು. ಇನ್ನು ಮಾರ್ಗನ್ 1966ರಲ್ಲಿ 20 ಲಕ್ಷ ಸಲ ಭಾರ ಹೇರಿದ ಮೇಲೂ ವಿರೂಪ ಬೆಳೆಯುತ್ತಲೇ ಇರುವುದನ್ನು ಕಂಡಿದ್ದ.

ಇಷ್ಟು ಜನ ಇಷ್ಟು ಬಗೆಯ ರೇಖೆ ಎಳೆದದ್ದರಲ್ಲಿ ಯಾರೂ ತಪ್ಪಿಲ್ಲ. ಅವರವರು ಹೇರಿದ ಒತ್ತಡ ಬೇರೆ ಬೇರೆ. ಇದನ್ನು ಸ್ಪಷ್ಟಗೊಳಿಸಿದ್ದು ಶೇಕ್‌ಡೌನ್ ಎಂಬ ಕಲ್ಪನೆ. 1930ರ ದಶಕದಲ್ಲಿ ಆಸ್ಟ್ರಿಯದ ಅರ್ನ್ಸ್ಟ್ ಮೆಲಾನ್ ಲೋಹದ ರಚನೆಗಳಿಗಾಗಿ ಇದನ್ನು ರೂಪಿಸಿದ. 1984ರಲ್ಲಿ ಸಿಡ್ನಿಯ ಶಾರ್ಪ್ ಮತ್ತು ಬುಕರ್ ರಸ್ತೆಗೆ ಅನ್ವಯಿಸಿದರು. 2001ರ ಸುಮಾರಿಗೆ ಡ್ರೆಸ್ಡೆನ್ನಿನ ಸಬೀನ್ ವರ್ಕ್‌ಮೈಸ್ಟರ್, ನಾಟಿಂಗ್‌ಹ್ಯಾಮಿನ ಆ್ಯಂಡ್ರೂ ಡಾಸನ್ ಮತ್ತು ಸಂಗಡಿಗರು ಜಲ್ಲಿಯ ನಡವಳಿಕೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಒಡೆದರು. ಎ ವಲಯದಲ್ಲಿ ಒತ್ತಡ ಕಡಿಮೆ. ಮೊದಮೊದಲು ಕುಗ್ಗಿದ ಪದರ ಬೇಗ ಹೊಂದಿಕೊಂಡು ಮುಂದೆ ಬರಿದೇ ಬಾಗಿ ಏಳುತ್ತದೆ. ಬಿ ವಲಯದಲ್ಲಿ ಕುಗ್ಗುವ ವೇಗ ಇಳಿಯುತ್ತದೆ, ನಿಲ್ಲುವುದಿಲ್ಲ. ಹತ್ತಾರು ಲಕ್ಷ ಸಲ ಹೇರಿದ ಮೇಲೆ ಮತ್ತೆ ಚುರುಕಾಗಲೂಬಹುದು. ಸಿ ವಲಯದಲ್ಲಿ ಪ್ರತಿ ಚಕ್ರವೂ ಹಿಂದಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿಸುತ್ತದೆ, ರಸ್ತೆ ಕೆಲವೇ ದಿನಗಳಲ್ಲಿ ಕೈಕೊಡುತ್ತದೆ. ಮೆಕ್ಯಾಡಮ್‌ನ ಗಾಡಿಗಳು ಎ ವಲಯದಲ್ಲಿದ್ದವು ಎನ್ನಬಹುದು.

ವಲಯವನ್ನು ಗುರುತಿಸಲು ಐರೋಪ್ಯ ಪರೀಕ್ಷಾ ಮಾನಕ ನೋಡುವುದು 3,000ನೇ ಮತ್ತು 5,000ನೇ ಆವರ್ತನೆಗಳ ನಡುವೆ ಸೇರಿದ ಶಾಶ್ವತ ವಿರೂಪವನ್ನು. 300 ಮಿ.ಮೀ. ಎತ್ತರದ ಮಾದರಿ ಈ ಎರಡು ಸಾವಿರ ಏಟುಗಳಲ್ಲಿ ಸುಮಾರು 0.0135 ಮಿ.ಮೀ.ಗಿಂತ ಕಡಿಮೆ ಕುಗ್ಗಿದರೆ ಎ, 0.12 ಮಿ.ಮೀ. ದಾಟಿದರೆ ಸಿ, ನಡುವೆ ಬಿದ್ದರೆ ಬಿ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಇದುವರೆಗೆ ಸಿಕ್ಕ ಅತಿ ಉಪಯುಕ್ತ ವಿಚಾರ ಇದು. ‘ಎಷ್ಟು ಜಾಡು ಬೀಳುತ್ತದೆ’ ಎಂಬ ಉತ್ತರ ಸಿಗದ ಪ್ರಶ್ನೆಯನ್ನು ಬಿಟ್ಟು ‘ಜಾಡು ನಿಲ್ಲುತ್ತದೆಯೋ ಇಲ್ಲವೋ’ ಎಂದು ಕೇಳಲು ಅದು ಕಲಿಸಿತು.

ಹಿಂದಿನ ಭಾರದ ನೆನಪೂ ಜಲ್ಲಿಗೆ ಇರುತ್ತದೆ. 1975ರಲ್ಲಿ ನಾಟಿಂಗ್‌ಹ್ಯಾಮಿನ ಬ್ರೌನ್ ಮತ್ತು ಹೈಡ್ ತೋರಿಸಿದ ಹಾಗೆ, ಒತ್ತಡವನ್ನು ಹಂತ ಹಂತವಾಗಿ ಏರಿಸಿದರೆ ಆಗುವ ಶಾಶ್ವತ ವಿರೂಪವು ಅತಿ ಹೆಚ್ಚಿನ ಒತ್ತಡವನ್ನು ಮೊದಲ ಏಟಿಗೇ ಹೇರಿದಾಗ ಆಗುವುದಕ್ಕಿಂತ ಕಡಿಮೆ. ಸಣ್ಣ ಭಾರಗಳು ಕಲ್ಲುಗಳನ್ನು ದೊಡ್ಡ ಭಾರಕ್ಕೆ ಅಣಿಗೊಳಿಸಿರುತ್ತವೆ.

ಅಡಕ, ಹದ, ಆಕಾರ

ಸರಿಯಾಗಿ ಅಡಕದೆ ಬಿಟ್ಟ ಪದರವನ್ನು ಲಾರಿಗಳೇ ಅಡಕುತ್ತವೆ, ಆದರೆ ಚಕ್ರದ ಸಾಲಿನಲ್ಲಿ ಮಾತ್ರ. ಬಾರ್ಕ್ಸ್‌ಡೇಲ್‌ನ ಪರೀಕ್ಷೆಗಳಲ್ಲಿ ಗರಿಷ್ಠ ಸಾಂದ್ರತೆಯ ಶೇ. 100ರ ಬದಲು ಶೇ. 95ಕ್ಕೆ ಅಡಕಿದ ಮಾದರಿಗಳ ಶಾಶ್ವತ ವಿರೂಪ ಸರಾಸರಿ ಶೇ. 185ರಷ್ಟು ಹೆಚ್ಚಿತ್ತು. ಸಾಂದ್ರತೆಯಲ್ಲಿ ಶೇ. 5ರ ಕೊರತೆ, ಜಾಡಿನಲ್ಲಿ ಸುಮಾರು ಮೂರು ಪಟ್ಟು. ಭಾರತದ ನಿಯಮದಲ್ಲಿ ವೆಟ್‌ಮಿಕ್ಸ್‌ಗೆ ಶೇ. 98 ಇರಬೇಕೆಂಬ ಹಟ ಯಾಕೆಂದು ಇದರಿಂದ ತಿಳಿಯುತ್ತದೆ. 1973ರಲ್ಲಿ ಆ್ಯಲನ್ ಮಾಡಿದ ಹೋಲಿಕೆಯಲ್ಲಿ ಹೆಚ್ಚು ಬಲದಿಂದ ಅಡಕಿದಾಗ ಒಡೆದ ಸುಣ್ಣಕಲ್ಲಿನ ಶಾಶ್ವತ ವಿಕೃತಿ ಶೇ. 80ರಷ್ಟು ಇಳಿಯಿತು, ದುಂಡು ನೊರಜುಗಲ್ಲಿನದು ಶೇ. 22ರಷ್ಟು ಮಾತ್ರ. ದುಂಡುಗಲ್ಲು ಸುಲಭವಾಗಿ ಅಡಕವಾಗುತ್ತದೆ, ಅಷ್ಟೇ ಸುಲಭವಾಗಿ ಹೊರಳುತ್ತದೆ. ಕ್ರಷರ್‌ನ ಚೂಪು ಮೂಲೆಯ ಜಲ್ಲಿ ಅಡಕಲು ಕಷ್ಟ, ಅಡಕಿದ ಮೇಲೆ ಕದಲಿಸುವುದೂ ಕಷ್ಟ. ಚಪ್ಪಟೆ ಮತ್ತು ನೀಳ ಚೂರುಗಳು ಎರಡಕ್ಕೂ ಆಗದವು. ರೋಲರ್ ಅಡಿಯಲ್ಲೇ ಮುರಿಯುತ್ತವೆ.

ಪುಡಿಯ ಪ್ರಮಾಣ ಸೂಕ್ಷ್ಮದ ಸಂಗತಿ. ದೊಡ್ಡ ಕಲ್ಲಿನ ಸಂದಿಗೆ ಸಣ್ಣದು, ಅದರ ಸಂದಿಗೆ ಇನ್ನೂ ಸಣ್ಣದು ಕೂತರೆ ಅಡಕ ಹೆಚ್ಚುತ್ತದೆ. ಪುಡಿ ಅತಿಯಾದರೆ ದೊಡ್ಡ ಕಲ್ಲುಗಳು ಒಂದನ್ನೊಂದು ತಾಗದೆ ಪುಡಿಯಲ್ಲಿ ತೇಲತೊಡಗುತ್ತವೆ. ಆಗ ಭಾರ ಹೊರುವುದು ಪುಡಿ. ಅದಕ್ಕೇ ವೆಟ್‌ಮಿಕ್ಸ್‌ನಲ್ಲಿ 75 ಮೈಕ್ರಾನ್ ಜರಡಿ ದಾಟುವ ಪುಡಿ ಒಂದು ಮಿತಿಯನ್ನು ಮೀರಬಾರದೆಂಬ ನಿಯಮ. ಆ ಪುಡಿ ಕ್ರಷರ್‌ನ ಕಲ್ಲುಪುಡಿಯಾಗಿರಬೇಕೇ ಹೊರತು ಎರೆಮಣ್ಣಿನಂಥ ಅಂಟುಮಣ್ಣಲ್ಲ. ದಕ್ಷಿಣ ಆಫ್ರಿಕದವರು ಜಿ1 ಎಂಬ ಅತ್ಯುತ್ತಮ ಜಲ್ಲಿ ಪದರ ಕಟ್ಟುವಾಗ ಕೊನೆಯಲ್ಲಿ ಧಾರಾಳ ನೀರು ಬಿಟ್ಟು ರೋಲರ್ ಹಾಯಿಸುತ್ತಾರೆ. ಹೆಚ್ಚಾದ ಪುಡಿ ಕೆಸರಾಗಿ ಮೇಲೆ ಉಕ್ಕುತ್ತದೆ. ಅದನ್ನು ಗುಡಿಸಿ ಹಾಕುತ್ತಾರೆ. ಉಳಿಯುವುದು ಕಲ್ಲಿಗೆ ಕಲ್ಲು ಕಚ್ಚಿಕೊಂಡ, ಮೊಸಾಯಿಕ್ ನೆಲದಂತೆ ಕಾಣುವ ಮೈ. ಈ ಪದರಗಳು ಡಾಂಬರು ಪದರಕ್ಕೆ ಸರಿಸಮವಾಗಿ ಭಾರ ಹೊತ್ತ ಉದಾಹರಣೆಗಳಿವೆ.

ನೀರು

ಮೇಲೆ ಹೇಳಿದ ಎಲ್ಲ ಕಾರಣಗಳನ್ನೂ ಒಟ್ಟಿಗೆ ಮೀರಿಸುವುದು ನೀರು. ಹದವಾದ ತೇವ ಒಳ್ಳೆಯದೇ. ಪುಡಿಯ ಸಂದುಗಳಲ್ಲಿ ಸಿಕ್ಕಿದ ನೀರಿನ ಎಳೆತ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಮಕ್ಕಳು ಕಟ್ಟುವ ಒದ್ದೆ ಮರಳಿನ ಗುಡಿ ನಿಲ್ಲುವುದು ಈ ಬಲದಿಂದ. ಸಂದುಗಳೆಲ್ಲ ತುಂಬಿದರೆ ಎಳೆತ ಮಾಯ. ಆಮೇಲೆ ಚಕ್ರ ಒತ್ತಿದಾಗ ನೀರಿಗೆ ಹೊರಹೋಗಲು ಹೊತ್ತಿಲ್ಲದೆ ಅದೇ ಭಾರದ ಒಂದು ಪಾಲು ಹೊರುತ್ತದೆ. ಆ ಪಾಲಿನಷ್ಟು ಕಲ್ಲುಗಳ ನಡುವಿನ ಒತ್ತಡ, ಅದರೊಂದಿಗೆ ತಿಕ್ಕಾಟವೂ ಕಡಿಮೆಯಾಗುತ್ತದೆ. ಬಾರ್ಕ್ಸ್‌ಡೇಲ್‌ನ ನೆನೆಸಿದ ಮಾದರಿಗಳಲ್ಲಿ ಶಾಶ್ವತ ವಿಕೃತಿ ಶೇ. 68ರವರೆಗೂ ಹೆಚ್ಚಿತ್ತು. ನಾಟಿಂಗ್‌ಹ್ಯಾಮಿನ ಥಾಮ್ ಮತ್ತು ಬ್ರೌನ್ 1987ರಲ್ಲಿ ಇನ್ನೂ ಮುಂದೆ ಹೋಗಿ, ನೀರಿನಲ್ಲಿ ಒತ್ತಡ ಏಳದಿದ್ದಾಗಲೂ ತೇವ ಸ್ವಲ್ಪ ಹೆಚ್ಚಿದರೆ ವಿರೂಪ ತೀವ್ರವಾಗಿ ಏರುವುದನ್ನು ಕಂಡರು. ನೀರು ಅಲ್ಲಿ ಕೀಲೆಣ್ಣೆಯ ಕೆಲಸ ಮಾಡುತ್ತದೆ.

ಉತ್ತರ ಯೂರೋಪಿನಲ್ಲಿ ಈ ಕಷ್ಟ ಹಿಮದ ಮೂಲಕ ಬರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ವಸಂತದಲ್ಲಿ ಮೇಲಿನಿಂದ ಕರಗುತ್ತದೆ, ಕೆಳಗಿನ್ನೂ ಮಂಜುಗಡ್ಡೆ, ನೀರಿಗೆ ದಾರಿಯಿಲ್ಲ. ಆ ವಾರಗಳಲ್ಲಿ ಲಾರಿಗಳ ಹೊರೆಗೆ ಕಡಿವಾಣ ಹಾಕುತ್ತಾರೆ. ಮಲೆನಾಡು ಕರಾವಳಿಗಳಲ್ಲಿ ಮಳೆಗಾಲವೇ ಆ ಪಾತ್ರ ವಹಿಸುತ್ತದೆ. ಡಾಂಬರಿನ ಬಿರುಕಿನಿಂದ ಇಳಿದ ನೀರು, ಮುಚ್ಚಿಹೋದ ಚರಂಡಿಯಿಂದ ಪಕ್ಕದಲ್ಲಿ ನುಗ್ಗಿದ ನೀರು, ಎರಡೂ ಜಲ್ಲಿಯಲ್ಲಿ ನಿಲ್ಲುತ್ತವೆ. ಮಳೆ ನಿಂತ ಮೇಲೂ ಬಿರುಕಿನಂಚಿನಲ್ಲಿ ಬೂದುಬಣ್ಣದ ಕೆಸರಿನ ಗೆರೆ ಕಂಡರೆ, ಪ್ರತಿ ಚಕ್ರವೂ ಕೆಳಗಿನಿಂದ ಪುಡಿಯನ್ನು ಪಂಪು ಹೊಡೆದಂತೆ ಹೊರಗೆ ಚಿಮ್ಮಿಸುತ್ತಿದೆ ಎಂದರ್ಥ. ಜಿಎಸ್‌ಬಿ ಪದರವನ್ನು ರಸ್ತೆಯ ಅಗಲಕ್ಕೆ ನಿಲ್ಲಿಸದೆ ಭುಜದ ಅಂಚಿನವರೆಗೂ ಎಳೆಯಬೇಕೆನ್ನುವುದು ನೀರು ಹೊರಗೆ ಹರಿಯಲಿ ಎಂದೇ. ಭುಜದ ಮಣ್ಣಿನಿಂದ ಅದರ ಬಾಯಿ ಮುಚ್ಚಿದರೆ ರಸ್ತೆಯ ಹೊಟ್ಟೆಯಲ್ಲಿ ಕೆರೆ ಕಟ್ಟಿದಂತೆಯೇ ಸರಿ.

ಪ್ರಯೋಗಾಲಯದ ಚಕ್ರ, ರಸ್ತೆಯ ಚಕ್ರ

ಜಲ್ಲಿಯ ಸಾಮಾನ್ಯ ಪರೀಕ್ಷೆ ಟ್ರೈಆಕ್ಸಿಯಲ್. 150 ಮಿ.ಮೀ. ವ್ಯಾಸ, 300 ಮಿ.ಮೀ. ಎತ್ತರದ ಮಾದರಿಯನ್ನು ರಬ್ಬರು ಚೀಲದಲ್ಲಿ ಸುತ್ತಿ, ಸುತ್ತಲೂ ಗಾಳಿಯ ಒತ್ತಡ ಕೊಟ್ಟು, ಮೇಲಿನಿಂದ ಪಿಸ್ಟನ್ ಕುಟ್ಟಿಸುತ್ತಾರೆ. ಅಮೆರಿಕದ ಪದ್ಧತಿಯಲ್ಲಿ 0.1 ಸೆಕೆಂಡು ಭಾರ, 0.9 ಸೆಕೆಂಡು ಬಿಡುವು. ಮಾಡ್ಯುಲಸ್ ಅಳೆಯಲು ಇದು ಸಾಕು. ಜಾಡನ್ನು ಊಹಿಸಲು ಸಾಲದು. ಪಿಸ್ಟನ್ ಮೇಲೆ ಕೆಳಗೆ ಮಾತ್ರ ಚಲಿಸುತ್ತದೆ. ರಸ್ತೆಯ ಮೇಲಿನ ಚಕ್ರ ಹತ್ತಿರ ಬರುವಾಗ ಜಲ್ಲಿಯನ್ನು ಒಂದು ಕಡೆಗೆ, ದಾಟಿಹೋಗುವಾಗ ಇನ್ನೊಂದು ಕಡೆಗೆ ಜಾರಿಸುತ್ತದೆ. ಒತ್ತಡದ ದಿಕ್ಕೇ ತಿರುಗುತ್ತ ಹೋಗುತ್ತದೆ. ಕುಟ್ಟಾಣಿಯಲ್ಲಿ ಕುಟ್ಟುವುದಕ್ಕೂ ಅಂಗೈಯಿಂದ ಚಪಾತಿ ಹಿಟ್ಟು ನಾದುವುದಕ್ಕೂ ಇರುವ ವ್ಯತ್ಯಾಸ ಇದು. ನಾದಿದಾಗ ಆಗುವ ವಿರೂಪ ಹೆಚ್ಚು. ಅದಕ್ಕಾಗಿ ಪೊಳ್ಳು ಸಿಲಿಂಡರಿನ ಮಾದರಿಯನ್ನು ಒತ್ತುತ್ತಲೇ ತಿರುಚುವ ಯಂತ್ರಗಳೂ, ನಿಜವಾದ ರಸ್ತೆಯ ತುಂಡಿನ ಮೇಲೆ ಚಕ್ರ ಓಡಿಸುವ ಭಾರೀ ಯಂತ್ರಗಳೂ ಬಂದವು. ಒಂದೊಂದು ಕಲ್ಲನ್ನೂ ಬಿಡಿಬಿಡಿಯಾಗಿ ಲೆಕ್ಕಹಾಕುವ, 1979ರಲ್ಲಿ ಕಂಡಲ್ ಮತ್ತು ಸ್ಟ್ರ್ಯಾಕ್ ಪ್ರಕಟಿಸಿದ ಗಣನ ವಿಧಾನವೂ ಈಗ ಇಲ್ಲಿ ಬಳಕೆಯಲ್ಲಿದೆ. ಕೋಟಿ ಚಕ್ರಗಳನ್ನು ಅದರಲ್ಲಿ ಓಡಿಸಿ ನೋಡುವಷ್ಟು ಕಂಪ್ಯೂಟರ್ ಬಲ ಮಾತ್ರ ಇನ್ನೂ ದುಬಾರಿ.

ವಿನ್ಯಾಸದಲ್ಲಿ ಇದರ ಸ್ಥಾನ

ಐಆರ್‌ಸಿ 37ರಲ್ಲಿ ಜಾಡಿನ ಪರಿಶೀಲನೆ ಇರುವುದು ತಳಮಣ್ಣಿನ ಮೇಲ್ಮೈಯ ಲಂಬ ವಿಕೃತಿಯ ಮೂಲಕ. ಅಲ್ಲಿ ವಿಕೃತಿ ಮಿತಿಯೊಳಗಿದ್ದರೆ ಜಾಡು ಬೀಳುವುದಿಲ್ಲ ಎಂಬ ನಂಬಿಕೆ. ಜಲ್ಲಿಯೊಳಗೇ ಉಳಿಯುವ ವಿರೂಪಕ್ಕೆ ಪ್ರತ್ಯೇಕ ಲೆಕ್ಕವಿಲ್ಲ. ಒಳ್ಳೆಯ ಕಲ್ಲು ತಂದು ಸರಿಯಾಗಿ ಅಡಕಿದರೆ ಅದು ತನ್ನಷ್ಟಕ್ಕೆ ಸರಿಯಿರುತ್ತದೆಂದು ಗುಣಮಟ್ಟದ ನಿಯಮಗಳಿಗೆ ಬಿಡಲಾಗಿದೆ. ದಪ್ಪ ಡಾಂಬರಿನ ಹೆದ್ದಾರಿಗೆ ಇದು ಒಪ್ಪಬಹುದಾದ ಮಾತು. ತೆಳು ಹಾಸಿನ ರಸ್ತೆಗೆ ಹೊಂದುವುದಿಲ್ಲ. ದಕ್ಷಿಣ ಆಫ್ರಿಕದ ಪದ್ಧತಿಯಲ್ಲಿ ಜಲ್ಲಿಯ ಜಾರುತಡೆ ಶಕ್ತಿಯನ್ನು ಅದರ ಮೇಲೆ ಬೀಳುವ ಒತ್ತಡಕ್ಕೆ ಹೋಲಿಸಿ ಸುರಕ್ಷತಾಂಶ ನೋಡುವ ಕ್ರಮ 1970ರ ದಶಕದಿಂದಲೇ ಇದೆ.

ಹೊರೆಯ ಪ್ರಶ್ನೆಯೂ ಇಲ್ಲಿಗೇ ಬರುತ್ತದೆ. 2018ರಲ್ಲಿ ಭಾರತ ನಾಲ್ಕು ಟೈರಿನ ಒಂಟಿ ಆ್ಯಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5ಕ್ಕೆ ಏರಿಸಿತು. ಹಾನಿ ಹೊರೆಯ ನಾಲ್ಕನೇ ಘಾತದಂತೆ ಬೆಳೆಯುತ್ತದೆಂಬ ರೂಢಿಯ ನಿಯಮ ಹಿಡಿದರೆ, ಶೇ. 13ರ ಹೆಚ್ಚಳಕ್ಕೆ ಹಾನಿಯಲ್ಲಿ ಶೇ. 60ರಷ್ಟು ಹೆಚ್ಚಳ. ಶೇಕ್‌ಡೌನ್ ದೃಷ್ಟಿಯಿಂದ ನೋಡಿದರೆ ಈ ನಾಲ್ಕನೇ ಘಾತವೂ ಸಮಾಧಾನದ ಮಾತೇ. ಎ ವಲಯದಲ್ಲಿದ್ದ ಪದರವನ್ನು ಸಿ ವಲಯಕ್ಕೆ ನೂಕುವಷ್ಟು ಹೊರೆ ಬಿದ್ದರೆ ಯಾವ ಘಾತದ ಲೆಕ್ಕವೂ ಹಿಡಿಯುವುದಿಲ್ಲ. 2000ರ ದಶಕದಲ್ಲಿ ಹೊಸಪೇಟೆ ಕಡೆಯಿಂದ ಅಂಕೋಲಾ ಬಳಿಯ ಬೇಲೇಕೇರಿ ಬಂದರಿನತ್ತ ಮಿತಿಮೀರಿ ಅದಿರು ಹೇರಿಕೊಂಡು ಸಾಗಿದ ಲಾರಿಗಳ ದಾರಿಯಲ್ಲಿ ಓಡಾಡಿದವರಿಗೆ ಸಿ ವಲಯವನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಜಾಡನ್ನು ಕಡಿದು ನೋಡುವುದು

ಯಾವ ಪದರ ಕುಗ್ಗಿತು ಎಂದು ಮೇಲಿನಿಂದ ನೋಡಿ ಹೇಳಲಾಗದು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಬಳಿ 1958ರಿಂದ 1960ರವರೆಗೆ ನಡೆದ ಆ್ಯಶೋ ರಸ್ತೆ ಪರೀಕ್ಷೆಯಲ್ಲಿ ಸೈನಿಕರು ಲಾರಿಗಳನ್ನು ಸುತ್ತು ಹೊಡೆಸಿ 11 ಲಕ್ಷ 14 ಸಾವಿರ ಆ್ಯಕ್ಸಲ್‌ಗಳನ್ನು ಹಾಯಿಸಿದರು. ಆಮೇಲೆ ರಸ್ತೆಗೆ ಅಡ್ಡಲಾಗಿ ಕಂದಕ ತೋಡಿ ಒಂದೊಂದು ಪದರದ ದಪ್ಪವನ್ನೂ ಅಳೆದರು. ಜಾಡಿನಲ್ಲಿ ಡಾಂಬರಿನ ಪಾಲು ಶೇ. 32, ಮೇಲಿನ ಜಲ್ಲಿಯದು ಶೇ. 14, ಕೆಳಗಿನ ಒರಟು ಪದರದ್ದು ಶೇ. 45, ಎಲ್ಲರೂ ಬೈಯುವ ತಳಮಣ್ಣಿನದು ಬರೀ ಶೇ. 9. ಪದರಗಳು ತೆಳ್ಳಗಾದದ್ದೂ ಮುಖ್ಯವಾಗಿ ಅಡಕವಾಗಿ ಅಲ್ಲ, ಪಕ್ಕಕ್ಕೆ ಸರಿದು.

ಇಂದಿಗೂ ತಪಾಸಣೆಯ ನಂಬಿಕಸ್ಥ ದಾರಿ ಆ ಕಂದಕವೇ. ಎರಡು ಚಕ್ರಸಾಲುಗಳನ್ನೂ ದಾಟುವಂತೆ ಕಟ್ಟರ್‌ನಿಂದ ಡಾಂಬರು ಕೊಯ್ದು, ಸಲಿಕೆಯಿಂದ ನೆಟ್ಟಗೆ ಕಡಿದು, ಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ಅಂಚಿನಿಂದ ಅಂಚಿಗೆ ದಾರ ಬಿಗಿಯುತ್ತಾರೆ. ದಾರದಿಂದ ಪ್ರತಿ ಪದರದ ಗಡಿಗೆ ಅಡಿಪಟ್ಟಿ ಹಿಡಿದು ಒಂದೊಂದು ಗೇಣಿಗೆ ಅಳತೆ ಬರೆದುಕೊಳ್ಳುತ್ತಾರೆ. ತಳಮಣ್ಣಿನ ಗೆರೆ ಚಪ್ಪಟೆಯಾಗಿದ್ದು, ಚಕ್ರಸಾಲಿನಡಿ ಜಲ್ಲಿ ತೆಳುವಾಗಿ ಅದರ ಎರಡೂ ಬದಿಗೆ ದಿಂಡಿನಂತೆ ಎದ್ದಿದ್ದರೆ ಜಲ್ಲಿಯೇ ಜಾರಿದೆ. ದಿಂಡು ಏಳದೆ ತೆಳುವಾಗಷ್ಟೇ ಆಗಿದ್ದರೆ ರೋಲರ್ ಮಾಡದ ಕೆಲಸವನ್ನು ಲಾರಿ ಮಾಡಿದೆ. ಜಲ್ಲಿಯ ದಪ್ಪ ಎಲ್ಲೆಡೆ ಒಂದೇ ಇದ್ದು ಅದರ ತಳದ ಗೆರೆ ಬಟ್ಟಲಿನಂತೆ ತಗ್ಗಿದ್ದರೆ ತಪ್ಪು ಮಣ್ಣಿನದು. ಕಲ್ಲಿನ ಸಂದಿಯಲ್ಲಿ ಕೈಯಾಡಿಸಿದಾಗ ಬೆರಳಿಗೆ ನುಣುಪಾದ ಬೂದು ಕೆಸರು ಮೆತ್ತಿದರೆ ಕಲ್ಲು ಸವೆದು ಪುಡಿಯಾಗಿದೆ. ಆ ಕೆಸರನ್ನು ಚೀಲಕ್ಕೆ ತುಂಬಿ ಜರಡಿ ಪರೀಕ್ಷೆಗೆ ಕಳಿಸುತ್ತಾರೆ.